ಖಾಲಿ ಬಿಟ್ಟವರು

"ಎರಡೂವರೆ," ಎಂದರು ವಿಭಾಗದ ಮುಖ್ಯಸ್ಥರು, ಹಾಳೆಯನ್ನು ಅವಳತ್ತ ತಳ್ಳುತ್ತ. "ಹುಡುಗರು ಕೊಟ್ಟಿರೋ ಅಂಕ ಐದಕ್ಕೆ ಎರಡೂವರೆ. ಮೂರಕ್ಕಿಂತ ಕಡಿಮೆ ಬಂದವರನ್ನ ಮುಂದಿನ ವರ್ಷಕ್ಕೆ ತಗೊಳ್ಳೋ ಹಾಗಿಲ್ಲಮ್ಮ. ನಾಲ್ಕು ಗಂಟೆಗೆ ಪಟ್ಟಿ ಮೇಲಕ್ಕೆ ಹೋಗುತ್ತೆ."

ಪ್ರೋಗ್ರಾಮಿಂಗಿನ ಮೊದಲ ಪಾಠ ಹೇಳಿಕೊಡುವ ತಾತ್ಕಾಲಿಕ ಉಪನ್ಯಾಸಕಿ ಅವಳು. ಮನೆಯಲ್ಲಿ ಅಮ್ಮ ಆಗಲೇ ಅಕ್ಕಪಕ್ಕದವರಿಗೆಲ್ಲ "ನನ್ನ ಮಗಳದು ಪರ್ಮನೆಂಟ್" ಎಂದು ಸಾರಿಬಿಟ್ಟಿದ್ದಳು. ಅಮ್ಮನ ಬಾಯಿಗೆ ಬೀಗ ಹಾಕುವುದು ಯಾರಪ್ಪನಿಂದ ಸಾಧ್ಯ!

ಅಂಕದ ಕೆಳಗೆ ವಿದ್ಯಾರ್ಥಿಗಳ ಅಭಿಪ್ರಾಯಗಳಿದ್ದವು, ಹೆಸರಿಲ್ಲದೆ. ಬೈಗುಳ ಹುಡುಕುತ್ತಲೇ ಓದಿದಳು. 'ಸ್ವಲ್ಪ ಬೇಗ ಬೇಗ ಹೇಳ್ತಾರೆ.' 'ಲ್ಯಾಬಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.' 'ನಮ್ಮ ತಪ್ಪನ್ನ ಇಲ್ಲಿದೆ ಅಂತ ತೋರಿಸಿಬಿಡಲ್ಲ, ಪಕ್ಕದಲ್ಲಿ ಕೂತು ನಮ್ಮಿಂದಲೇ ಹುಡುಕಿಸ್ತಾರೆ. ಅದಕ್ಕೇ ನನಗೆ ಧೈರ್ಯ ಬಂತು.' ಬರೆದವರು ಮೂವತ್ತೆಂಟು ಜನ, ಹೆಚ್ಚಿನವರು ಕೊಟ್ಟದ್ದು ನಾಲ್ಕು. ತರಗತಿಯಲ್ಲಿದ್ದವರು ಅರವತ್ತು.

ಅಯ್ಯೋ ಕರ್ಮವೇ! ಏನೂ ತುಂಬದ ಇಪ್ಪತ್ತೆರಡು ಜನರನ್ನೂ ಸರಾಸರಿ ಲೆಕ್ಕ ಹಾಕುವ ಪ್ರೋಗ್ರಾಂ ಸೊನ್ನೆ ಎಂದು ಸೇರಿಸಿಕೊಂಡಿತ್ತು.

"ಸರ್, ಲೆಕ್ಕದಲ್ಲಿ ತಪ್ಪಿದೆ. ಬೇಕಾದ್ರೆ ನಾನೇ ಕೈಯಲ್ಲಿ ಮಾಡಿ..."

"ನಿಮ್ಮ ಅಂಕಾನ ನೀವೇ ಲೆಕ್ಕ ಹಾಕಿದ್ರೆ ಯಾರು ಒಪ್ತಾರೆ? ಪ್ರೋಗ್ರಾಂ ಬರೆದಿದ್ದು ನಿಮ್ಮ ಶಿಷ್ಯೆ. ಪೂರ್ತಿ ಅಂಕ ಕೊಟ್ಟು, ಇದನ್ನೇ ಬಳಸಿ ಸರ್ ಅಂತ ಬೆನ್ನು ಹತ್ತಿದ್ದು ನೀವು. ಈಗ ಅದೇ ತಪ್ಪಾ? ಅವಳೇ ಸರಿಮಾಡಿ ತಂದು ತೋರಿಸಲಿ. ನಾಲ್ಕರೊಳಗೆ."

ಅವಳು ಓಡುತ್ತಲೇ ಮೆಟ್ಟಿಲು ಹತ್ತಿದಳು. ತರಗತಿಯೆಲ್ಲ ಗುಬ್ಬಿ ಎಂದು ಕರೆಯುವ ಹುಡುಗಿ ಲ್ಯಾಬಿನ ಮೂಲೆಯಲ್ಲಿದ್ದಳು. ವರ್ಷದ ಮೊದಲಲ್ಲಿ ಮೌಸ್ ಮುಟ್ಟಲೂ ಹೆದರುತ್ತಿದ್ದವಳು ಅವಳೇ.

"ಗುಬ್ಬಿ, ಫಾರಂ ತುಂಬದೇ ಇದ್ದವರನ್ನ ನಿನ್ನ ಪ್ರೋಗ್ರಾಂ ಏನು ಮಾಡುತ್ತೆ?"

"ಬಿಟ್ಟುಬಿಡುತ್ತೆ ಮೇಡಂ."

"ಬಿಟ್ಟುಬಿಡುತ್ತಾ?"

ಹುಡುಗಿಯ ಮುಖ ಸಪ್ಪಗಾಯಿತು. "ಏನಾದ್ರೂ ಎಡವಟ್ಟಾಗಿದ್ಯಾ ಮೇಡಂ?"

"ಹುಡುಕು," ಎಂದು ಪಕ್ಕದ ಕುರ್ಚಿ ಎಳೆದುಕೊಂಡಳು. ಯಾಕೆಂದು ಹೇಳಲಿಲ್ಲ.

ತಪ್ಪು ಇದ್ದದ್ದು ಏಳನೆಯ ಸಾಲಿನಲ್ಲಿ. ಹುಡುಗಿ ಅದನ್ನು ದಾಟಿ ಕೆಳಗೆ ಹೋದಳು. ಮೇಲೆ ಬಂದಳು, ಮತ್ತೆ ದಾಟಿದಳು. ಬೆರಳಿಟ್ಟು ತೋರಿಸಿದರೆ ಎರಡು ನಿಮಿಷದ ಕೆಲಸ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನು ಎಂಟೇ ನಿಮಿಷ ಇತ್ತು. ತೋರಿಸಿಬಿಡಲು ಉಪನ್ಯಾಸಕಿಯ ಕೈ ತುರಿಸುತ್ತಿತ್ತು.

"ಬೇಗ ಬೇಕಿತ್ತಾ ಮೇಡಂ?"

"ಅವಸರ ಏನಿಲ್ಲ."

ಹಾಗೆಂದು ಎರಡೂ ಅಂಗೈಗಳನ್ನು ತೊಡೆಯಡಿ ಸೇರಿಸಿ, ಅವುಗಳ ಮೇಲೆ ಭಾರ ಬಿಟ್ಟು ಕೂತಳು. ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು, ಈ ಸಲ ತುಟಿಯಲುಗಿಸಿ ಓದುತ್ತ. ನಾಲ್ಕನೆಯ ಸಾಲು. ಐದನೆಯದು.