ಗುಡ್ಡ ದಾಟಿ ಬಂದ ಇಪ್ಪತ್ತೆರಡು ಮಂದಿ

ಮೋರಿಸೆಟ್ ಅಜೆಮಾಗೆ ಅರವತ್ತೊಂದು ವರ್ಷ. ಮೂವತ್ತೆಂಟು ಸೆಪ್ಟೆಂಬರ್‌ಗಳನ್ನು ಅವಳು ದಕ್ಷಿಣ ಫ್ರಾನ್ಸಿನ ಮೊಂಬ್ರಾಕ್ ತೋಟದ ದ್ರಾಕ್ಷಿ ಸಾಲುಗಳಲ್ಲಿ ಬೆನ್ನು ಬಗ್ಗಿಸಿಯೇ ಕಳೆದಿದ್ದಳು. ಕೊಯ್ಲಿನ ತಂಡಕ್ಕೆ ಅವಳೇ ಮುಂದಾಳು. ಯಾವ ಸಾಲು ಮೊದಲು, ಯಾರ ಪಕ್ಕ ಯಾರು, ನೀರು ಕುಡಿಯೋದು ಯಾವಾಗ, ಎಲ್ಲದಕ್ಕೂ ಅವಳ ಮಾತೇ ಕೊನೆ. ತೋಟದ ಒಡೆಯ ಎಮೆರಿಕ್ ಕೂಡ ಕೊಯ್ಲಿನ ದಿನಗಳಲ್ಲಿ ಅವಳನ್ನು ಕೇಳಿಯೇ ಟ್ರ್ಯಾಕ್ಟರ್ ತರುತ್ತಿದ್ದ.

ಆ ವರ್ಷದ ವಸಂತದಲ್ಲಿ ಎಮೆರಿಕ್ ಹೊಸಬಳೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದ. ಹೆಸರು ಬೆರಾಂಜೇರ್. ಬೋರ್ದೋ ಕಡೆಯವಳು, ಮೂವತ್ತರ ಆಸುಪಾಸು. ತೋಟಕ್ಕೆ ಪ್ರವಾಸಿಗರನ್ನು ಕರೆತರುವುದು ಅವಳ ಕೆಲಸ. ಬರೀ ವೈನ್ ಮಾರಿ ಬದುಕುವ ಕಾಲ ಹೋಯಿತು, ಇನ್ನು ಜನ ವೈನಿನ ಜೊತೆ ಅನುಭವವನ್ನೂ ಕೊಳ್ಳುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಬೇಸಿಗೆಯಲ್ಲಿ ಅವಳು ತಂದ ಬಸ್ಸುಗಳಿಂದಲೇ ನೆಲಮಾಳಿಗೆಯ ಹಳೆಯ ದಾಸ್ತಾನು ಅರ್ಧ ಖಾಲಿಯಾಗಿತ್ತು.

ಗುರುವಾರ ಸಂಜೆ ಕತ್ತರಿಗಳನ್ನು ತೊಳೆಯುತ್ತಿದ್ದಾಗ ಬೆರಾಂಜೇರ್ ಅಂಗಳಕ್ಕೆ ಬಂದು ಎಲ್ಲರನ್ನೂ ಸೇರಿಸಿದಳು.

"ಶನಿವಾರ ನಲವತ್ತು ಜನ ಅತಿಥಿಗಳು ಬರ್ತಿದಾರೆ. 'ಕೊಯ್ಲಿನ ಒಂದು ದಿನ' ಅಂತ ಟಿಕೆಟ್ ತಗೊಂಡಿದಾರೆ. ಅವತ್ತು ನೀವೆಲ್ಲ ಗುಡ್ಡದ ಹಿಂದಿನ ತೋಟದಲ್ಲಿ ಕೆಲಸ ಮಾಡಿ. ಎದುರು ತೋಟದಲ್ಲಿ ಬೇರೆಯವರು ಇರ್ತಾರೆ."

"ಬೇರೆಯವರು ಅಂದ್ರೆ ಯಾರು ಮೇಡಂ?" ಎಂದಳು ಮೋರಿಸೆಟ್.

"ನಾರ್ಬೋನ್‌ನಿಂದ ನಾಟಕದ ವಿದ್ಯಾರ್ಥಿಗಳು. ಹುಲ್ಲಿನ ಟೋಪಿ, ಹಳೇ ಕಾಲದ ಮೇಲಂಗಿ ಹಾಕ್ಕೊಂಡು ಕೊಯ್ತಾರೆ, ಹಾಡ್ತಾರೆ. ಫೋಟೋಗೆ ಚೆನ್ನಾಗಿರುತ್ತೆ."

ಫೌಜಿಯಾ ಪಕ್ಕನೆ ನಕ್ಕುಬಿಟ್ಟಳು. ಮೊರಾಕ್ಕೋದಿಂದ ಮದುವೆಯಾಗಿ ಬಂದು, ಈ ಬೆಟ್ಟಗಳಲ್ಲೇ ಗಂಡನನ್ನು ಮಣ್ಣು ಮಾಡಿ, ಹತ್ತೊಂಬತ್ತು ವರ್ಷದಿಂದ ಮೋರಿಸೆಟ್‌ಳ ಬಲಗಡೆಯ ಸಾಲು ಹಿಡಿದವಳು ಅವಳು. "ಮದುವೆ ಮನೇಲಿ ಮದುಮಗಳನ್ನ ಕೋಣೇಲಿ ಕೂಡಿಹಾಕಿ, ಪಕ್ಕದ ಮನೆಯವಳಿಗೆ ಮದುವೆ ಬಟ್ಟೆ ಉಡಿಸಿದ ಹಾಗಾಯ್ತು!" ಎಂದಳು.

ಬೆರಾಂಜೇರ್ ಕೆಂಪಾದಳು, ಆದರೂ ಮಾತು ಮುಂದುವರಿಸಿದಳು. "ಇನ್ನೊಂದು ವಿಷಯ. ಹಿಪ್ಪುನೇರಳೆ ಮರದ ಕೆಳಗಿನ ಮೇಜು ಅವತ್ತು ಅತಿಥಿಗಳಿಗೆ ಬೇಕು. ನಿಮ್ಮ ಊಟ ಟ್ರ್ಯಾಕ್ಟರ್ ಶೆಡ್ಡಿನಲ್ಲಿ."

ಈಗ ಯಾರೂ ನಗಲಿಲ್ಲ. ಆ ಮೇಜು ಎಂಟು ಮಾರುದ್ದದ್ದು. ಕೊಯ್ಲಿನ ಮಧ್ಯಾಹ್ನಗಳಲ್ಲಿ ತಂಡ ಕೂತು ಉಂಡದ್ದು ಅಲ್ಲೇ. ಎಮೆರಿಕ್‌ನ ಅಪ್ಪ ಬದುಕಿದ್ದಾಗ ಮೇಜಿನ ತುದಿಯಲ್ಲಿ ಅವರ ಜೊತೆಗೇ ರೊಟ್ಟಿ ಮುರಿಯುತ್ತಿದ್ದ.

ಮೋರಿಸೆಟ್ ಎಮೆರಿಕ್‌ನ ಕಡೆ ನೋಡಿದಳು. ಕಚೇರಿಯ ಬಾಗಿಲಲ್ಲಿ ನಿಂತು ಫೋನು ನೋಡುತ್ತಿದ್ದ ಅವನು ತಲೆ ಎತ್ತಲಿಲ್ಲ.

"ಆಯ್ತು ಮೇಡಂ," ಎಂದಳು ಅವಳು. ಅವಳ ಬಾಯಲ್ಲಿ ಆ ಮಾತು ಕೇಳಿ ತಂಡಕ್ಕೇ ಆಶ್ಚರ್ಯವಾಯಿತು. ಮನೆಗೆ ನಡೆಯುವಾಗ ಅವಳಿಗೂ ಆಯಿತು. 'ಆಯ್ತು' ಯಾಕೆ ಅಂದೆ? ದಣಿವಿಗೆ ಅಂದೆನೋ, ಕಾಲ ಬದಲಾಗಿದೆ ಅಂತ ಅಂದೆನೋ? ಎರಡು ದಿನ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ತಂಡ ಗುಡ್ಡದ ಹಿಂದೆ ಕೆಲಸ ಶುರುಮಾಡಿತು. ಹತ್ತಕ್ಕೆ ಬಸ್ಸಿನ ಹಾರನ್ ಕೇಳಿಸಿತು, ಆಮೇಲೆ ಹಾಡು. ಬೆನ್ನಬುಟ್ಟಿ ಹೊರುವ ಎವಾರಿಸ್ತೊ, ಸ್ಪೇನಿನ ಅಂದಲೂಸಿಯಾದ ಒಣಕಲು ಮನುಷ್ಯ, ಬುಟ್ಟಿ ಖಾಲಿ ಮಾಡಲು ಗುಡ್ಡದ ನೆತ್ತಿಯ ತನಕ ಹೋಗಿ ಬಂದವನು ತಲೆ ಚಚ್ಚಿಕೊಂಡ.

"ಅಕ್ಕಾ, ನೀನು ನೋಡಬೇಡ. ನೋಡಿದ್ರೆ ಹೊಟ್ಟೆ ಉರಿಯುತ್ತೆ."

ಅಷ್ಟು ಸಾಕಾಯಿತು. ಮೋರಿಸೆಟ್ ನೆತ್ತಿಗೆ ಹತ್ತಿ ಕೆಳಗೆ ನೋಡಿದಳು.

ಎದುರು ತೋಟದಲ್ಲಿದ್ದದ್ದು ತೊಂಬತ್ತು ವರ್ಷದ ಬಳ್ಳಿಗಳು. ತಂತಿಯ ಆಸರೆಯಿಲ್ಲದೆ ಒಂದೊಂದೂ ಪುಟ್ಟ ಮರದ ಹಾಗೆ ತಮ್ಮ ಕಾಲ ಮೇಲೆ ತಾವೇ ನಿಂತವು. ಯಂತ್ರ ಅಲ್ಲಿ ನಡೆಯದು. ಬಳ್ಳಿಯ ಮೇಲ್ತುದಿಯಲ್ಲಿ ತಡವಾಗಿ ಕಟ್ಟಿದ ಹುಳಿ ಗೊಂಚಲುಗಳಿರುತ್ತವೆ. ಅವನ್ನು ಬಿಟ್ಟು, ಎಲೆಯ ಮರೆಯಲ್ಲಿ ಬುಡದ ಹತ್ತಿರ ಮಾಗಿದ್ದನ್ನು ಮಾತ್ರ ಕೊಯ್ಯಬೇಕು. ಹುಲ್ಲಿನ ಟೋಪಿಯ ಮಕ್ಕಳು ಬಗ್ಗುತ್ತಲೇ ಇರಲಿಲ್ಲ. ಕೈಗೆ ಸಿಕ್ಕ ಮೇಲಿನ ಹುಳಿಕಾಯನ್ನು ಕತ್ತರಿಸಿ, ಬಿಸಿಲಿಗೆ ಎತ್ತಿ ಹಿಡಿದು ನಗುತ್ತಿದ್ದರು. ಎಲೆ, ಕಡ್ಡಿ, ಕಾಯಿ ಎಲ್ಲ ಒಂದೇ ಬುಟ್ಟಿಗೆ. ಒಬ್ಬ ಹುಡುಗಿ ಬಳ್ಳಿಯ ಒಂದು ತೋಳನ್ನೇ ಮುರಿದು, ಮುರಿದದ್ದು ಗೊತ್ತಾಗದೆ ಹಾಡುತ್ತಲೇ ಇದ್ದಳು. ಸುತ್ತ ನಲವತ್ತು ಜನ ಫೋಟೋ ತೆಗೆಯುತ್ತಿದ್ದರು.

ಮೋರಿಸೆಟ್ ಇಳಿದು ಬಂದು ತಂಡದ ಮುಂದೆ ನಿಂತಳು. ಧ್ವನಿ ಎತ್ತಲಿಲ್ಲ.

"ಕತ್ತರಿ ತಗೊಳ್ಳಿ. ಎದುರು ತೋಟಕ್ಕೆ ಹೋಗೋಣ."

"ಕೆಲಸ ಹೋಗುತ್ತೆ ಅಕ್ಕಾ," ಎಂದ ಎವಾರಿಸ್ತೊ.

"ಹೋಗಬಹುದು. ಬರದೇ ಇರೋರ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಗುರುವಾರ ನಾನು 'ಆಯ್ತು' ಅಂದಿದ್ದು ತಪ್ಪು. ಅದನ್ನ ನಾನೇ ವಾಪಸ್ ತಗೋಬೇಕು."

ಫೌಜಿಯಾ ಆಗಲೇ ಬಕೆಟ್ಟು ಎತ್ತಿಕೊಂಡಿದ್ದಳು. ಎವಾರಿಸ್ತೊ ಸ್ಪ್ಯಾನಿಷ್‌ನಲ್ಲಿ ಏನೋ ಬೈದು, ಬೆನ್ನಬುಟ್ಟಿ ಏರಿಸಿಕೊಂಡ. ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಹಿಂದೆ ಉಳಿಯಲಿಲ್ಲ.

ಅವರು ಗುಡ್ಡದ ನೆತ್ತಿಯಿಂದ ಸಾಲಾಗಿ ಇಳಿದರು. ಮಣ್ಣು ಮೆತ್ತಿದ ಪ್ಯಾಂಟು, ಬಣ್ಣ ಹೋದ ಟೋಪಿ, ರಸದಿಂದ ಕಪ್ಪಾದ ಕೈ. ಹಾಡು ನಡುವೆಯೇ ನಿಂತಿತು. ಮೋರಿಸೆಟ್ ಯಾರನ್ನೂ ಮಾತಾಡಿಸದೆ ಮೊದಲ ಬಳ್ಳಿಯ ಮುಂದೆ ಬಗ್ಗಿದಳು. ಉಳಿದವರೂ ತಮ್ಮ ತಮ್ಮ ಸಾಲು ಹಿಡಿದರು. ತೋಟದಲ್ಲಿ ಕತ್ತರಿಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಬೆರಾಂಜೇರ್ ಓಡಿ ಬಂದಳು. "ಏನು ಮಾಡ್ತಿದೀರ ನೀವು?"

"ಕೊಯ್ಲು," ಎಂದಳು ಮೋರಿಸೆಟ್, ತಲೆ ಎತ್ತದೆ.

"ನಿಮಗೆ ಹಿಂದಿನ ತೋಟ ಅಂತ ಹೇಳಿದ್ನಲ್ಲ!"

"ಹೇಳಿದ್ರಿ. ಈ ಹಣ್ಣು ನಿಮ್ಮ ಮಾತು ಕೇಳಲ್ಲ ಮೇಡಂ. ಆ ಬುಟ್ಟಿ ನೋಡಿ. ಅದರಲ್ಲಿ ವೈನ್ ಆಗಲ್ಲ, ಉಪ್ಪಿನಕಾಯಿ ಆಗುತ್ತೆ."

ಅತಿಥಿಗಳ ಗುಂಪಿನಿಂದ ದಪ್ಪ ಮೀಸೆಯ ಒಬ್ಬ ಮುಂದೆ ಬಂದ. ಆಂಟ್‌ವರ್ಪ್ ಊರಿನ ಕಸಾಯಿಯವನಂತೆ. ಮೋರಿಸೆಟ್ ಕತ್ತರಿ ಹಿಡಿದ ಬಗೆಯನ್ನೇ ಅವನು ನೋಡುತ್ತಿದ್ದ.

"ನೀವು ಎಷ್ಟು ವರ್ಷದಿಂದ ಇದನ್ನ ಮಾಡ್ತಿದೀರಮ್ಮ?" ಎಂದ.

"ಮೂವತ್ತೆಂಟು."

"ಮತ್ತೆ ಅವರು?" ಹುಲ್ಲಿನ ಟೋಪಿಯವರ ಕಡೆ ಕೈ ತೋರಿಸಿದ.

"ಇವತ್ತು ಬೆಳಿಗ್ಗೆಯಿಂದ."

ಕಸಾಯಿ ಗಹಗಹಿಸಿ ನಕ್ಕ. ಉಳಿದವರಲ್ಲಿ ಕೆಲವರು ನಕ್ಕರು, ಕೆಲವರು ದುಡ್ಡು ಕೊಟ್ಟು ಮೋಸಹೋದವರ ಮುಖ ಮಾಡಿದರು. ಬಳ್ಳಿ ಮುರಿದ ಹುಡುಗಿ ಟೋಪಿ ತೆಗೆದು ಮೋರಿಸೆಟ್‌ಳ ಹತ್ತಿರ ಬಂದಳು. "ನಂಗೆ ಯಾರೂ ಹೇಳಿಕೊಡಲಿಲ್ಲ," ಎಂದಳು ಸಣ್ಣ ದನಿಯಲ್ಲಿ.

"ಗೊತ್ತು ಮಗಳೇ. ಬಗ್ಗು. ಇನ್ನೂ ಬಗ್ಗು. ಎಲೆ ಸರಿಸು. ತೊಟ್ಟಿನ ಬಣ್ಣ ನೋಡು, ಕಂದು ಇದ್ರೆ ಕತ್ತರಿಸು, ಹಸಿರಿದ್ರೆ ಬಿಡು. ಎಡಗೈ ಬೆರಳು ದೂರ ಇಟ್ಕೋ, ನಾಳೆ ಬೇಕಾಗುತ್ತೆ."

ಒಂದು ಗಂಟೆಯೊಳಗೆ ಕಸಾಯಿಯೂ ಇನ್ನು ಏಳೆಂಟು ಜನರೂ ಸಾಲಿಗೆ ಇಳಿದಿದ್ದರು.

ಹನ್ನೆರಡಕ್ಕೆ ತಂಡ ನೇರ ಹಿಪ್ಪುನೇರಳೆ ಮರದ ಕಡೆ ನಡೆಯಿತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅಂಜೂರದ ಹೋಳು, ಬೆರಳಗಲದ ಚೀಸ್ ತುಂಡು, ತೆಳು ಕಾಲಿನ ಗ್ಲಾಸುಗಳನ್ನು ಜೋಡಿಸಿದ್ದರು. ಫೌಜಿಯಾ ಶೆಡ್ಡಿನಿಂದ ಸಾಸೇಜು ಹಾಕಿದ ಬಿಳಿ ಬೀನ್ಸಿನ ದೊಡ್ಡ ಪಾತ್ರೆಯನ್ನು ಎವಾರಿಸ್ತೊನಿಂದ ಹೊರಿಸಿಕೊಂಡು ಬಂದಳು. ಅವಳದೇ ಒಂದು ಪಾತ್ರೆ ಬೇರೆ ಇತ್ತು, ಉಪ್ಪು ನಿಂಬೆ ಹಾಕಿದ ಕೋಳಿಯದು. ಎರಡನ್ನೂ ಬಿಳಿ ಬಟ್ಟೆಯ ಮೇಲೆ ಧಡ್ ಎಂದು ಇಟ್ಟರು.

ಈಗ ಎಮೆರಿಕ್ ಬಂದ. ಮುಖ ಕಪ್ಪಿಟ್ಟಿತ್ತು.

"ಮೋರಿಸೆಟ್, ಅತಿಥಿಗಳ ಮುಂದೆ ನನ್ನ ಮಾನ ಕಳೀಬೇಡ. ಎಲ್ಲರನ್ನೂ ಕರ್ಕೊಂಡು ಶೆಡ್ಡಿಗೆ ಹೋಗು."

"ಮಾನ ಇರೋದು ನಿಂಗೊಬ್ಬನಿಗೇನಾ ಎಮೆರಿಕ್?" ಎಂದಳು ಅವಳು. ಉಳಿದವರೆದುರು ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ನಾವು ಕೊಯ್ದಿದ್ದು ಕುಡಿಯೋಕೆ ಇವರು ಬಂದಿದಾರೆ. ನಮ್ಮ ಮುಖ ನೋಡಿದ್ರೆ ಅವರ ವೈನ್ ಹುಳಿಯಾಗುತ್ತಾ? ಮೇಜು ಉದ್ದ ಇದೆ. ಅವರೂ ಕೂರಲಿ, ನಾವೂ ಕೂರ್ತೀವಿ. ಶೆಡ್ಡಿಗೆ ಮಾತ್ರ ಹೋಗಲ್ಲ."

"ಹಾಗಾದ್ರೆ ಸೋಮವಾರ ನೀನು ಬರೋದು ಬೇಡ."

"ಅದನ್ನ ಸೋಮವಾರ ನೋಡ್ಕೊಳ್ಳೋಣ. ಈಗ ಹಸಿವಾಗಿದೆ."

ಅವಳು ಕೂತಳು. ಇಪ್ಪತ್ತೊಂದು ಜನ ಅವಳ ಆಚೀಚೆ ಕೂತರು. ಒಂದು ಕ್ಷಣ ಅತಿಥಿಗಳು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಆಮೇಲೆ ಕಸಾಯಿ ಬೆಂಚು ಎಳೆದು, ಬೀನ್ಸಿನ ಪಾತ್ರೆಗೆ ಮೂಗು ತಂದು, "ಇದು ಆ ಅಂಜೂರಕ್ಕಿಂತ ಮೇಲು," ಎಂದು ತಟ್ಟೆ ಚಾಚಿದ. ಎಮೆರಿಕ್ ಬೆನ್ನು ತಿರುಗಿಸಿ ಹೋದ.

ಊಟ ರುಚಿಯಾಗಿತ್ತು. ಮೋರಿಸೆಟ್ ಎಮೆರಿಕ್ ಹೋದ ದಾರಿಯನ್ನೇ ನೋಡುತ್ತ ಉಂಡಳು. ಭಾನುವಾರವಿಡೀ ಅವಳು ಮನೆ ಗುಡಿಸಿದಳು, ಒರೆಸಿದ್ದನ್ನೇ ಒರೆಸಿದಳು. ಹೆದರಿಕೆ ಇರಲಿಲ್ಲವೆಂದಲ್ಲ. ಈ ವಯಸ್ಸಿಗೆ ಬೇರೆ ತೋಟದವರು ಮುಂದಾಳು ಮಾಡುವುದಿಲ್ಲ, ಮೊಣಕಾಲು ನೋಡಿ ಕೂಲಿಗೂ ಕರೆಯುವುದಿಲ್ಲ. ಆದರೆ ಎಷ್ಟು ಹುಡುಕಿದರೂ ಪಶ್ಚಾತ್ತಾಪ ಮಾತ್ರ ಸಿಗಲಿಲ್ಲ.

ಸೋಮವಾರ ಏಳಕ್ಕೆ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು ಅವಳು ತೋಟದ ಗೇಟಿಗೆ ಬಂದಳು. ಯಾರು ತಡೆಯುತ್ತಾರೋ ತಡೆಯಲಿ ಎಂದು ಮಾತುಗಳನ್ನೆಲ್ಲ ದಾರಿಯಲ್ಲೇ ಹೊಂದಿಸಿಕೊಂಡಿದ್ದಳು. ತಂಡ ಆಗಲೇ ಅಲ್ಲಿ ನಿಂತಿತ್ತು. ನಡುವೆ ಬೆರಾಂಜೇರ್. ಮುಖದ ತುಂಬ ನಗು.

"ಬನ್ನಿ ಬನ್ನಿ ಮೋರಿಸೆಟ್! ನೋಡಿದ್ರಾ ಜನ ಏನು ಬರೆದಿದಾರೆ?" ಫೋನನ್ನು ಅವಳ ಮುಖಕ್ಕೆ ಹಿಡಿದಳು. "'ಜೀವಮಾನದಲ್ಲಿ ಮರೆಯದ ದಿನ', 'ಗುಡ್ಡದ ಮೇಲಿಂದ ನಿಜವಾದ ಕೂಲಿಗಳು ಇಳಿದು ಬಂದಾಗ ಮೈ ಜುಮ್ ಅಂತು.' ಬೇಸಿಗೆಯಿಡೀ ಇಷ್ಟು ಒಳ್ಳೇ ಮಾತು ಬಂದಿಲ್ಲ. ಮುಂದಿನ ಶನಿವಾರದ ಟಿಕೆಟ್ ಎಲ್ಲ ಖಾಲಿ!"

ಮೋರಿಸೆಟ್ ಫೋನನ್ನು ಪಕ್ಕಕ್ಕೆ ಸರಿಸಿದಳು.

"ಅದಕ್ಕೇ ಯೋಚನೆ ಮಾಡಿದೀನಿ," ಬೆರಾಂಜೇರ್ ಹೇಳುತ್ತಲೇ ಇದ್ದಳು. "ಶನಿವಾರ ಸರಿಯಾಗಿ ಹನ್ನೊಂದಕ್ಕೆ ನೀವೆಲ್ಲ ಮತ್ತೆ ಹಾಗೇ ಗುಡ್ಡ ಇಳಿದು ಬನ್ನಿ. ಅದೇ ಸಿಟ್ಟು, ಅದೇ ನಡಿಗೆ. ನಾನು ಓಡಿ ಬಂದು ತಡೀತೀನಿ, ನೀವು 'ಕೊಯ್ಲು' ಅನ್ನಿ. ಎಲ್ಲರಿಗೂ ಅರ್ಧ ದಿನದ ಕೂಲಿ ಹೆಚ್ಚಿಗೆ."

ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎವಾರಿಸ್ತೊ ಗಡ್ಡ ಕೆರೆದುಕೊಂಡ. "ಅಕ್ಕಾ, ಬರೀ ನಡೆಯೋದಕ್ಕೆ ದುಡ್ಡು. ತಗೊಂಡ್ರೆ ಏನು ನಷ್ಟ?"

ಮೋರಿಸೆಟ್‌ಗೆ ಶನಿವಾರ ಬಾರದ ಸಿಟ್ಟು ಈಗ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಗೇಟು ಹಾಕಿದ್ದರೆ ಹತ್ತುತ್ತಿದ್ದಳು.

"ನಷ್ಟ ನಾನು ಹೇಳ್ತೀನಿ," ಎಂದಳು. "ಶನಿವಾರ ನಾನು ನಿಜವಾಗಿ ನಡೆದೆ. ಮುಂದಿನ ಶನಿವಾರ ಅದನ್ನೇ ಆಡಿ ತೋರಿಸಿದ್ರೆ, ಆವತ್ತು ನಡೆದಿದ್ದೂ ಸುಳ್ಳಾಗುತ್ತೆ. ಮೊದಲು ನಮ್ಮನ್ನ ಬಚ್ಚಿಟ್ರಿ ಮೇಡಂ. ಈಗ ನಮ್ಮ ಸಿಟ್ಟನ್ನೇ ಬಾಟ್ಲಿಗೆ ತುಂಬಿ ಮಾರ್ತೀವಿ ಅಂತೀರಿ. ಅದು ಮಾರಾಟಕ್ಕಿಲ್ಲ."

"ನಾನು ನಿಮಗೆ ಒಳ್ಳೇದಾಗಲಿ ಅಂತ..."

"ಇರಬಹುದು. ಹಾಗಾದ್ರೆ ಕೇಳಿ. ಬೇಕಾದವರು ಶನಿವಾರ ಬೆಳಿಗ್ಗೆ ಏಳಕ್ಕೆ ಬರಲಿ, ನಾವು ಬರೋ ಹೊತ್ತಿಗೆ. ಒಂದೊಂದು ಸಾಲು ಕೊಡ್ತೀನಿ. ಹನ್ನೆರಡರ ತನಕ ಬಗ್ಗಲಿ, ಆಮೇಲೆ ನಮ್ಮ ಮೇಜಲ್ಲಿ ನಮ್ಮ ಜೊತೆ ಉಣ್ಣಲಿ. ಟೋಪಿ ಇಲ್ಲ, ಹಾಡು ಬಂದ್ರೆ ತಾನಾಗೇ ಬರುತ್ತೆ. ಹೇಳಿಕೊಡೋ ಕೆಲಸ ಫೌಜಿಯಾದು, ಅದಕ್ಕೆ ಅವಳಿಗೆ ಬೇರೆ ಸಂಬಳ. ಇದು ಆಗಲ್ಲ ಅಂದ್ರೆ ಆ ಹಳೇ ಬಳ್ಳಿಗಳನ್ನ ಹುಲ್ಲಿನ ಟೋಪಿಯವರೇ ಕೊಯ್ಯಲಿ. ಬುಧವಾರ ಮಳೆ ಅಂತೆ, ಅಷ್ಟರೊಳಗೆ ಕೊಯ್ಯದಿದ್ರೆ ಹಣ್ಣು ಕೊಳೆಯುತ್ತೆ."

ಎಮೆರಿಕ್ ಕಚೇರಿಯಿಂದ ಬಂದು ಇದನ್ನೆಲ್ಲ ಕೇಳಿಸಿಕೊಂಡಿದ್ದ. "ಮೋರಿಸೆಟ್, ಒಳಗೆ ಬಾ, ಕೂತು ಮಾತಾಡೋಣ," ಎಂದ.

"ಒಳಗೆ ಬೇಡ. ಶೆಡ್ಡಿಗೆ ಹೋಗಿ ಅಂದಿದ್ದು ಎಲ್ಲರ ಎದುರಿಗೆ. ಇದನ್ನೂ ಎಲ್ಲರ ಎದುರಿಗೇ ಹೇಳು."

ಅವನು ಆಕಾಶ ನೋಡಿದ, ಎದುರು ತೋಟ ನೋಡಿದ, ಇಪ್ಪತ್ತೆರಡು ಜನರನ್ನು ನೋಡಿದ. ಫೌಜಿಯಾ ಕೈ ಕಟ್ಟಿಕೊಂಡು ನಿಂತಿದ್ದಳು. ಎವಾರಿಸ್ತೊ ಬೆನ್ನಬುಟ್ಟಿಯನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕೂತುಬಿಟ್ಟ.

"ಮೇಜು ನಿಮ್ದೇ," ಎಂದ ಎಮೆರಿಕ್ ಕೊನೆಗೆ. "ಯಾರೂ ಗುಡ್ಡದ ಹಿಂದೆ ಹೋಗೋದು ಬೇಡ. ಫೌಜಿಯಾ ಸಂಬಳದ್ದೂ ಆಯ್ತು. ಆದ್ರೆ ಜನ ಬರದೇ ಹೋದ್ರೆ ನಂಗೆ ಹೇಳಬೇಡಿ."

"ಬರದೇ ಹೋದ್ರೆ ವೈನ್ ಒಳ್ಳೇದಾಗುತ್ತೆ," ಎಂದಳು ಫೌಜಿಯಾ. ಬೆರಾಂಜೇರ್ ಕೂಡ ತಡೆಯಲಾರದೆ ನಕ್ಕುಬಿಟ್ಟಳು.

ಬೆಳಗಿನ ಏಳು ಗಂಟೆ ಅಂದಾಗ ಟಿಕೆಟ್ ಕೊಂಡವರಲ್ಲಿ ಮುಕ್ಕಾಲು ಪಾಲು ದುಡ್ಡು ವಾಪಸ್ ಪಡೆದರು. ಶನಿವಾರ ಬಂದವರು ಹನ್ನೊಂದು ಜನ. ಬೆಟ್ಟದ ಒಣಗಾಳಿ ಬೀಸಿ ಕಣ್ಣಲ್ಲಿ ಮಣ್ಣು ಬೀಳುತ್ತಿತ್ತು. ಒಬ್ಬಳು ಎಂಟೂವರೆಗೇ ಬೆನ್ನು ಹಿಡಿದುಕೊಂಡು ಕಾರಿಗೆ ಹೋದಳು. ಒಬ್ಬ ಬೆರಳು ಕೊಯ್ದುಕೊಂಡ. ಫೌಜಿಯಾ ಹತ್ತೂ ಜನರನ್ನು ಹೆಸರು ಹಿಡಿದು ಬೈದು, ಹೆಸರು ಹಿಡಿದು ಹೊಗಳಿ, ಮಧ್ಯಾಹ್ನದ ಹೊತ್ತಿಗೆ ಅವರ ಕೈಯಲ್ಲಿ ಎಂಟು ಸಾಲು ಮುಗಿಸಿದಳು.

ಕೊನೆಯ ಕ್ರೇಟು ಟ್ರ್ಯಾಕ್ಟರ್ ಹತ್ತಿದಾಗ ಅತಿಥಿಗಳೆಲ್ಲ ಚಪ್ಪಾಳೆ ತಟ್ಟಿದರು. ಮೋರಿಸೆಟ್ ಸೊಂಟ ನೆಟ್ಟಗೆ ಮಾಡಿ ಅವರ ಕಡೆ ತಿರುಗಿದಳು.

"ಚಪ್ಪಾಳೆ ಯಾಕೆ? ಗುಡ್ಡದ ಮೇಲಿನ ತೋಟ ಇನ್ನೂ ಕೊಯ್ಯದೆ ಹಾಗೇ ಇದೆ. ಸೋಮವಾರ ಬರ್ತೀರಾ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನಿಜವಾಗಿಯೇ ಕೇಳಿದ್ದಳು.

ಸೋಮವಾರ ಒಬ್ಬರೂ ಬರಲಿಲ್ಲ. ತಂಡ ಏಳಕ್ಕೆ ಮೇಲಿನ ತೋಟಕ್ಕೆ ಹತ್ತಿತು, ಹನ್ನೆರಡಕ್ಕೆ ಹಿಪ್ಪುನೇರಳೆ ಮರದ ಕೆಳಗೆ ಕೂತು ಉಂಡಿತು.