ಹಿಂಬಾಗಿಲ ಕಾವಲುಗಾರ

ಗಂಡನ ಬೆನ್ನಿಗೆ ಹಲಗೆ ಕೊಟ್ಟು ಕೂರಿಸಿ, ಜಾರದಂತೆ ಎದೆಗೆ ಪಂಚೆ ಸುತ್ತುತ್ತಿದ್ದವರಿಗೆ ಬಸಮ್ಮ, “ಅಷ್ಟು ಬಿಗಿ ಬೇಡ ಕಣ್ರಪ್ಪ, ಅವ್ರಿಗೆ ಸೆಕೆ ಆಗಿಬರಲ್ಲ” ಅಂದಳು. ಅಂದ ಮೇಲೆ ತಾನು ಅಂದದ್ದೇನೆಂದು ಹೊಳೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕುವೆಂಪುನಗರದ ಆ ಮನೆಯ ಅಂಗಳದಲ್ಲಿ, ಹಿಂದಿನ ದಿನ ತೀರಿಕೊಂಡ ಶಿವಮಲ್ಲಪ್ಪನವರು, ತಮ್ಮವರ ಪದ್ಧತಿಯಂತೆ, ಸಮಾಧಿಗೆ ಹೊರಡುವ ಮುಂಚೆ ಕುಳಿತೇ ಎಲ್ಲರನ್ನೂ ಎದುರುಗೊಳ್ಳುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಸರು ಮಾಡಿದವರಲ್ಲ, ಕೆಡಿಸಿಕೊಂಡವರೂ ಅಲ್ಲ. ಸಂಜೆಯಾದರೆ ಸ್ಕೂಟರ್ ಹತ್ತಿ ಚಾಮರಾಜಪುರಂನ ಹವ್ಯಾಸಿ ನಾಟಕ ತಂಡಕ್ಕೆ ಓಡುವುದೊಂದೇ ಚಟ. ಅಲ್ಲೂ ಬಹುಕಾಲ ಪರದೆ ಎಳೆದದ್ದೇ ಎಳೆದದ್ದು. ಪಾತ್ರ ಅಂತ ಸಿಕ್ಕಿದ್ದು ಹೋದ ವರ್ಷ.

ತಂಡದ ನಿರ್ದೇಶಕ ಸಂಜಯ್ ಹಾರ ಹಾಕಿ ಬಸಮ್ಮನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

“ಅಮ್ಮಾ, ಕುಸುಮ ಗೇಟ್ ಹತ್ರನೇ ನಿಂತ್ಬುಟ್ಟಿದಾಳೆ. ಕರೆದ್ರೂ ಬರಲ್ಲ ಅಂತಾಳೆ.”

ಬಸಮ್ಮ ಕತ್ತೆತ್ತಿ ನೋಡಿದಳು. ಗೇಟಿನಾಚೆ ತಂಡದ ನಟಿ ಕುಸುಮ, ಕೈಯಲ್ಲಿ ಹೂವಿನ ಪೊಟ್ಟಣ. ಈಚೆ, ಗಂಡನ ಅಣ್ಣ ಸಿದ್ದಲಿಂಗಸ್ವಾಮಿಗಳು ಬಂದವರನ್ನು ಬರಮಾಡಿಕೊಳ್ಳುತ್ತಿದ್ದರು.

“ಭಾವ ಏನಂದ್ರು?”

“‘ಯಾವ ಕಡೆಯವ್ರಮ್ಮ’ ಅಂದ್ರು. ಇವಳು ಅಶೋಕಪುರಂ ಅಂದ್ಲು. ದಲಿತರ ಕೇರಿ ಅಂತ ಊರಿಗೇ ಗೊತ್ತಲ್ಲಮ್ಮ. ‘ಒಳಗೆ ಜನ ಜಾಸ್ತಿ, ಅಲ್ಲಿಂದಲೇ ಕೈ ಮುಗಿದ್ಬುಡಿ’ ಅಂದ್ರು.”

ಒಳಗೆ ಜನ ಜಾಸ್ತಿ ಇರಲಿಲ್ಲ. ಅಂಗಳದ ಅರ್ಧ ಕುರ್ಚಿಗಳು ಖಾಲಿ ಬಿದ್ದಿದ್ದವು.

*

ಹೋದ ವರ್ಷ ಆಡಿದ್ದು ಅಮೆರಿಕದ ಯಾವುದೋ ಹಳೆಯ ನಾಟಕ. ಮಗನ ಹೆಣ ಕೇಳಿಕೊಂಡು ಕರಿಯ ತಾಯಿಯೊಬ್ಬಳು ಬಿಳಿಯರ ಆಸ್ಪತ್ರೆಗೆ ಬರುತ್ತಾಳೆ. ಕಾವಲುಗಾರ ಅವಳನ್ನು ತಡೆದು, “ಹಿಂಬಾಗಿಲಿಗೆ ಹೋಗು” ಎಂದು ಗದರುತ್ತಾನೆ. ತಾಯಿ ಕುಸುಮ, ಕಾವಲುಗಾರ ಶಿವಮಲ್ಲಪ್ಪ.

ಗದರುವುದೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ನಡುಮನೆಯಲ್ಲಿ ನಿಂತು “ಹಿಂಬಾಗಿಲಿಗೆ ಹೋಗು!” ಎಂದು ಅಭ್ಯಾಸ ಮಾಡುವಾಗ ಬಸಮ್ಮ ಸೌಟು ಹಿಡಿದೇ ಓಡಿಬಂದು, “ಯಾಕ್ರೀ, ನಾನೇನ್ ಮಾಡ್ದೆ?” ಅಂದಿದ್ದಳು. ಅವರು ಅಲ್ಲೇ ಮೆತ್ತಗಾಗಿ ಕ್ಷಮೆ ಕೇಳಿದ್ದರು.

ಮೊದಲ ಪ್ರದರ್ಶನದಲ್ಲಿ ಆಗಬಾರದ್ದೇ ಆಯಿತು. ಕಾವಲುಗಾರ ಚೆನ್ನಾಗಿಯೇ ಗದರಿದ. ಆದರೆ ಕುಸುಮಳ ಕಣ್ಣು ತುಂಬಿದ್ದು ನೋಡಿ ಶಿವಮಲ್ಲಪ್ಪನವರಿಗೆ ನಾಟಕ ಮರೆತುಹೋಯಿತು. “ತಪ್ಪು ತಿಳ್ಕೋಬೇಡ ಕಣಮ್ಮ” ಎಂದುಬಿಟ್ಟರು. ಮೈಕು ಅದನ್ನೂ ಬಿಡದೆ ಹಿಡಿಯಿತು. ಸಭೆ ಗೊಳ್ಳೆಂದಿತು. ಬಸಮ್ಮನಿಗೆ ನೆಲದೊಳಗೆ ಇಳಿದುಹೋಗೋಣ ಅನಿಸಿತು.

ಕುಸುಮ ಅಳುಕಲಿಲ್ಲ. “ತಿಳ್ಕೊಳಲ್ಲ. ಬಾಗಿಲು ತೆಗೀರಿ” ಅಂದಳು. ನಗು ಅಲ್ಲಿಗೇ ನಿಂತಿತು.

ಸಂಜಯ್ ಕುಣಿದಾಡಿದ. ಈ ಮಾತು ಪ್ರತಿ ಪ್ರದರ್ಶನದಲ್ಲೂ ಇರಲಿ ಎಂದ. ಎಂದೂ ಯಾರ ಮಾತನ್ನೂ ತೆಗೆದುಹಾಕದ ಶಿವಮಲ್ಲಪ್ಪನವರು ಅಂದು ಮಾತ್ರ ಒಪ್ಪಲಿಲ್ಲ.

“ಬೇಡಪ್ಪ. ಆ ಕಾವಲುಗಾರ ಕ್ಷಮೆ ಕೇಳ್ಬುಟ್ರೆ ನೋಡೋರಿಗೆಲ್ಲ ಸಲೀಸಾಗ್ಬುಡುತ್ತೆ. ಬಾಗಿಲು ತೆಗೀದೆ ಕ್ಷಮೆ ಕೇಳಿ ಏನ್ ಬಂತು?”

ಆಮೇಲಿನ ಪ್ರತಿ ಪ್ರದರ್ಶನದಲ್ಲೂ ಎದೆಗಟ್ಟಿ ಮಾಡಿಕೊಂಡು ಗದರಿದರು. ನಾಟಕ ಮುಗಿದಾಗ ಜನ ಅವರನ್ನು ಶಪಿಸುತ್ತ ಎದ್ದುಹೋಗುತ್ತಿದ್ದರು. ಬಸಮ್ಮನಿಗೆ ತನ್ನ ಗಂಡ ದೊಡ್ಡ ಮನುಷ್ಯ ಅನಿಸಿದ್ದು ಆಗಲೇ. ಬಾಯಿಬಿಟ್ಟು ಹೇಳಿರಲಿಲ್ಲ.

*

ಬಸಮ್ಮ ಎದ್ದು ಗೇಟಿನ ಕಡೆ ನಡೆದಳು. ಬೇಜಾರು ಮಾಡ್ಕೋಬೇಡಮ್ಮ, ಹಳೇ ಕಾಲದವರು ಎಂದು ಕುಸುಮಳಿಗೆ ಹೇಳಿ ಬರುವುದು ಅವಳ ಮನಸ್ಸಿನಲ್ಲಿದ್ದದ್ದು. ಭಾವನೂ ಕೆಟ್ಟವರಲ್ಲ, ರಾತ್ರಿಯೆಲ್ಲ ತಮ್ಮನ ಕಾಲ ಬಳಿ ಕೂತು ಅತ್ತವರು. ಮಾತು ತುಟಿಯವರೆಗೂ ಬಂತು. ಆದರೆ ಗಂಡ ಒಂದು ವರ್ಷ ಕಷ್ಟಪಟ್ಟು ಆಡದೆ ಉಳಿದ ಮಾತೂ ಇದೇ ಅಲ್ಲವೇ ಅನಿಸಿ ಅವಳಿಗೆ ನಾಚಿಕೆಯಾಯಿತು. ಆ ಮಾತನ್ನು ಬಿಟ್ಟು ಗೇಟಿನ ಚಿಲಕ ತೆಗೆದಳು.

“ಬಾ ಕುಸುಮ.”

“ಬಸಮ್ಮ, ನೆಂಟರೆಲ್ಲ ನೋಡ್ತಾವ್ರೆ” ಎಂದರು ಸಿದ್ದಲಿಂಗಸ್ವಾಮಿಗಳು, ದನಿ ತಗ್ಗಿಸಿ.

“ನೋಡ್ಲಿ ಭಾವ. ನೋಡ್ಲಿ ಅಂತಾನೇ ಅವ್ರು ನಾಟಕ ಆಡ್ತಿದ್ದಿದ್ದು.”

ಅಷ್ಟರಲ್ಲಿ ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು, ಹಣೆಗೆ ಕೊನೆಯ ವಿಭೂತಿ ಹಚ್ಚಲು ಮನೆಯವರನ್ನು ಕರೆದರು. ಬಸಮ್ಮ ಹಚ್ಚಿದಳು. ಆಮೇಲೆ ವಿಭೂತಿ ಗಟ್ಟಿಯನ್ನು ಭಾವನಿಗೆ ದಾಟಿಸಬೇಕಾಗಿತ್ತು. ಅವಳು ಅದನ್ನು ಕುಸುಮಳ ಕೈಗಿಟ್ಟಳು. ಅಂಗಳದ ಮೂಲೆಯಲ್ಲಿದ್ದ ಭಜನೆಯವರು ತಾಳ ನಿಲ್ಲಿಸಿದರು. ಕುಸುಮ ಅಳುತ್ತಲೇ ಮೂರು ಬೆರಳಿನಿಂದ ಆ ತಣ್ಣನೆಯ ಹಣೆಯ ಮೇಲೆ ಅಡ್ಡಕ್ಕೆ ಎಳೆದಳು.

“ಇನ್ನು ಭಾವನವ್ರಿಗೆ ಕೊಡಮ್ಮ” ಅಂದಳು ಬಸಮ್ಮ.

ಸಿದ್ದಲಿಂಗಸ್ವಾಮಿಗಳು ಅಯ್ನೋರ ಮುಖ ನೋಡಿದರು, ತಮ್ಮನ ಮುಖ ನೋಡಿದರು. ಕೊನೆಗೆ ಕೈ ಚಾಚಿದರು. ಕೈಗೆ ಕೈ ತಾಗದ ಹಾಗೆ ಮೇಲಿನಿಂದ ಹಾಕಿಸಿಕೊಳ್ಳುವವರಂತೆ ಅಂಗೈಯನ್ನು ಆದಷ್ಟು ಕೆಳಗೆ ಹಿಡಿದಿದ್ದರು. ಕುಸುಮ ಮೇಲಿನಿಂದ ಹಾಕಲಿಲ್ಲ. ತಾನೂ ಬಗ್ಗಿ, ವಿಭೂತಿಯನ್ನು ಆ ಅಂಗೈಯಲ್ಲಿಟ್ಟು, ಅದು ಬೀಳದಂತೆ ಅವರ ಮುದಿಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.