ಬಚ್ಚಲ ಸಂದಿನ ಕಾಫಿ ಗಿಡ

"ನಮ್ಮದೇ ಗಿಡದ ಕಾಫಿ ನನ್ನ ಕೈಯಾರೆ ಮಾಡಿ ನಿನಗೆ ಕುಡಿಸ್ತೇನೆ, ನೋಡ್ತಾ ಇರು," ಎಂದು ಕಾಂತಪ್ಪ ಹೆಂಡತಿಗೆ ಮಾತು ಕೊಟ್ಟದ್ದು ಅವಳು ಮದರಾಸಿಗೆ ಬಂದಿಳಿದ ವರ್ಷ, ೧೯೫೪ರಲ್ಲಿ. ಹಿಂದೆ ಘಟ್ಟದ ಕಾಫಿ ತೋಟದಲ್ಲಿ ಎರಡು ಸುಗ್ಗಿ ಹಣ್ಣು ಕೊಯ್ದಿದ್ದವನು ಅವನು. ಅಲ್ಲಿಂದ ತರಿಸಿದ ಗೇಣುದ್ದದ ಸಸಿ ಒದ್ದೆ ಗೋಣಿಯೊಳಗೆ ಕೂತು ಅವರೊಟ್ಟಿಗೇ ರೈಲಿಳಿದಿತ್ತು.

ಕಾಂತಪ್ಪ ಟ್ರಿಪ್ಲಿಕೇನಿನಲ್ಲಿ ಸುಬ್ರಾಯರ ಹೋಟೆಲಿನ ಕಾಫಿ ಮಾಡುವವನು. ಕತ್ತಲಿರುವಾಗಲೇ ಹೋಗಿ ಊರಿಗೆಲ್ಲ ಡಿಕಾಕ್ಷನ್ ಇಳಿಸುವವನಿಗೆ ಮನೆಯಲ್ಲಿ ಕಾಫಿ ಪಾತ್ರೆ ಮುಟ್ಟುವುದೇ ಬೇಡ. ಹಾಗಾಗಿ ಕಾಫಿಯವನ ಹೆಂಡತಿ ಚಂದ್ರಮತಿ ಕುಡಿಯುತ್ತಿದ್ದದ್ದು ಮಕ್ಕಳಿಗೆಲ್ಲ ಆದ ಮೇಲೆ ಉಳಿದ ಚರಟಕ್ಕೆ ನೀರು ಹೊಯ್ದು ಇಳಿಸಿದ್ದನ್ನು.

ಕಾಫಿಗೆ ಕಾಡಿನ ನೆರಳು ಬೇಕು. ವಠಾರದಲ್ಲಿ ನೆರಳಿದ್ದದ್ದು ಒಂದೇ ಕಡೆ, ಬೇವಿನ ಮರದ ಕೆಳಗಿನ ಬಚ್ಚಲ ಸಂದಿನಲ್ಲಿ. ಸಸಿ ಅಲ್ಲಿ ಬೇರೂರಿತು. ಬಿಸಿಗಾಳಿಗೆ ಚಂದ್ರಮತಿ ಒದ್ದೆ ಗೋಣಿ ಕಟ್ಟಿದಳು, ಅಕ್ಕಿ ತೊಳೆದ ನೀರು ದಿನ ತಪ್ಪಿಸದೆ ಹೊಯ್ದಳು. ನಲ್ಲಿಯ ಸಾಲಿನಲ್ಲಿ ನಿಂತು ತಂದ ನೀರಿನಲ್ಲೂ ಗಿಡಕ್ಕೆ ಪಾಲಿತ್ತು. ತುಂಬಿದ ಮನೆಯಲ್ಲಿ ಹಸಿವು ಬಾಯಾರಿಕೆ ನೋಡುವುದೇ ಅವಳ ಬದುಕು. ಗಿಡವೂ ಆ ಲೆಕ್ಕಕ್ಕೇ ಸೇರಿತು. ಅದು ಆಳೆತ್ತರ ಬೆಳೆಯಿತು. ಎಲೆ ಎಣ್ಣೆ ಸವರಿದಂತೆ ಹೊಳೆಯಿತು. ಹೂ ಮಾತ್ರ ಬಿಡಲಿಲ್ಲ.

ವಠಾರದ ಯಜಮಾನ ತಿರುಮಲಯ್ಯ ಬಾಡಿಗೆಗೆ ಬಂದಾಗಲೆಲ್ಲ ಕೇಳುವನು: "ಏನಮ್ಮಾ, ನಿಮ್ಮ ಎಸ್ಟೇಟು ಈ ಸಲ ಎಷ್ಟು ಮೂಟೆ?"

"ಹೊರಲಿಕ್ಕೆ ನಿಮ್ಮನ್ನೇ ಕರೀತೇನೆ ತಿರುಮಲಯ್ಯನವರೇ, ಸೊಂಟ ಗಟ್ಟಿ ಮಾಡಿಕೊಳ್ಳಿ."

ಏಳನೆಯ ಬೇಸಿಗೆಯಲ್ಲಿ ಅವನು ತಮಾಷೆ ಬಿಟ್ಟ. ಆ ಜಾಗದಲ್ಲಿ ಸೌದೆ ಕೊಟ್ಟಿಗೆ ಕಟ್ಟಬೇಕು, ತಮಿಳರ ಚಿತ್ತಿರೈ ತಿಂಗಳು ಮುಗಿಯುವುದರೊಳಗೆ ಹೂ ಕಂಡರೆ ಗಿಡ ಇರಲಿ, ಇಲ್ಲದಿದ್ದರೆ ಕೀಳಿಸುತ್ತೇನೆ ಎಂದ. ಅದೇ ಹೊತ್ತಿಗೆ ವಠಾರದ ನಲ್ಲಿಯೂ ಸೊರಗಿತು. ಕುಡಿಯಲಿಕ್ಕೇ ಕೊಡಗಳ ಜಗಳ. ಚಂದ್ರಮತಿ ಗಿಡದ ಪಾಲು ನಿಲ್ಲಿಸಿದಳು. ಎಲೆಗಳು ಜೋತುಬಿದ್ದವು. ಬಚ್ಚಲಿಗೆ ಹೋಗುವಾಗ ಅವಳು ಆ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಚಿತ್ತಿರೈ ನಡುವಿನಲ್ಲಿ ಒಂದು ಸಂಜೆ ಎಲ್ಲಿಂದಲೋ ಮೋಡ ಬಂದು ಧೋ ಎಂದು ಸುರಿದು ಹೋಯಿತು. ವಾರ ಕಳೆದು ಒಂದು ಬೆಳಿಗ್ಗೆ ವಠಾರವೆಲ್ಲ ಮಲ್ಲಿಗೆಯ ಘಮ. ಬಚ್ಚಲ ಸಂದಿಗೆ ಹೋಗಿ ನೋಡಿದರೆ ರೆಂಬೆರೆಂಬೆಗೂ ಬಿಳಿ ಹೂವಿನ ದಂಡೆ. ಮಗಳು ಸುಮತಿ ಜಡೆ ಮುಂದಕ್ಕೆ ಹಾಕಿಕೊಂಡು ತಮಿಳಿನಲ್ಲಿ ಬೇಡಿದಳು: "ಅಮ್ಮಾ, ಒಣ್ಣೇ ಒಣ್ಣು."

"ಒಂದೂ ಇಲ್ಲ. ಒಂದೊಂದು ಹೂವೂ ಒಂದೊಂದು ಕಾಯಿ ಮಗಾ."

ಕಾಂತಪ್ಪ ಹೋಟೆಲಿಗೆ ಬರುವ ಬೀಜದ ವ್ಯಾಪಾರಿಯನ್ನು ಕೇಳಿಕೊಂಡು ಬಂದ. ಕಾಫಿ ಗಿಡ ಚೆನ್ನಾಗಿ ಬಾಯಾರಿದ ಮೇಲೆ ಮಳೆ ಬೀಳಬೇಕಂತೆ, ಆಗಲೇ ಹೂವಂತೆ. ಕೊಯ್ಲಿಗೆ ಮಾತ್ರ ಹೋದ ಅವನಿಗೆ ಅದು ಗೊತ್ತಿರಲಿಲ್ಲ. "ಏಳು ವರ್ಷ ನೀನು ಅದನ್ನು ಬಾಯಾರಲಿಕ್ಕೇ ಬಿಡಲಿಲ್ಲ ಮಾರಾಯ್ತಿ," ಎಂದು ನಕ್ಕ. ಅವಳಿಗೂ ನಗು ಬಂತು. ತಿರುಮಲಯ್ಯ ಹೂ ನೋಡಿ, ಮೂಗು ಸವರಿಕೊಂಡು, ಸೌದೆಯನ್ನು ಜಗಲಿಯ ಕೆಳಗೆ ಒಟ್ಟಿಸಿದ.

ಸೆಕೆಗೆ ಮಿಡಿಗಳು ಬಹಳ ಉದುರಿದವು. ಮಾರ್ಗಳಿ ತಿಂಗಳ ಚಳಿಯಲ್ಲಿ ಉಳಿದವು ಕೆಂಪಾದವು. ಚಂದ್ರಮತಿ ಕೊಯ್ದು, ಮೊರದಲ್ಲಿ ಒಣಗಿಸಿ, ಒರಳಿನಲ್ಲಿ ಸಿಪ್ಪೆ ಬಿಡಿಸಿದಳು. ಒಂದು ಬೊಗಸೆಯೂ ಆಗಲಿಲ್ಲ. ರಜೆಯ ದಿನ ಕಾಂತಪ್ಪ ಅಂಗಳದಲ್ಲಿ ಒಲೆ ಹೂಡಿ ಹುರಿದ, ಕುಟ್ಟಿದ, ಇಳಿಸಿದ. ವಠಾರವೆಲ್ಲ ಸುತ್ತ ನೆರೆದಿತ್ತು. ಚಂದ್ರಮತಿ ತಿರುಮಲಯ್ಯನಿಗೂ ಹೇಳಿಕಳಿಸಿದ್ದಳು.

"ಮೂಟೆ ಎಲ್ಲಮ್ಮಾ?" ಎಂದ ಅವನು.

"ಹೊರಲಿಕ್ಕೆ ಅಲ್ಲ, ನೋಡಲಿಕ್ಕೆ ಕರೆದದ್ದು."

ಆದದ್ದು ಒಂದೇ ಲೋಟ. ಕಾಂತಪ್ಪ ಹೋಟೆಲಿನ ವರಸೆಯಲ್ಲೇ ಕೈಯೆತ್ತರಕ್ಕೆ ಆರಿಸಿ, ನೊರೆ ಬರಿಸಿ, ಹೆಂಡತಿಯ ಮುಂದೆ ಹಿಡಿದ. ಮಕ್ಕಳು ಲೋಟವನ್ನೇ ನೋಡುತ್ತಿದ್ದರು. ಯಾವತ್ತೂ ಮೊದಲು ಅವರಿಗೆ ಕೊಟ್ಟು ತಾನು ಕುಡಿಯುವ ಚಂದ್ರಮತಿ ಅಂದು ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಯಾರಿಗೂ ಗುಟುಕು ಬಿಡದೆ, ನಿಧಾನವಾಗಿ ಪೂರ್ತಿ ಕುಡಿದಳು.

"ಸಕ್ಕರೆ ಸ್ವಲ್ಪ ಕಡಿಮೆ," ಎಂದಳು.

ಕಾಂತಪ್ಪ ಕೊಟ್ಟ ಮಾತು ನಡೆಸಿದ.